ಕುದಿಯಲು ಬಿಡಬಾರದ ಪಾತ್ರೆ

ಡಿಸೆಂಬರಿನ ಒಂದು ಭಾನುವಾರ, ಫ್ರಾನ್ಸಿನಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಒಲೆಯ ಮುಂದೆ ನಿಂತು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ತಟ್ಟೆಯಲ್ಲಿರುವುದನ್ನು ನೋಡಿ. ಹಿಂದಿನ ಸಾಲಿನವರು ಎದ್ದು ಬಂದು ನೋಡಬಹುದು. ಇದು ದನದ ಹೆಗಲಿನ ಮಾಂಸ. ಇಲ್ಲಿನ ಮಾಂಸದಂಗಡಿಯಲ್ಲಿ ‘ಪಾಲರೋಂ’ ಎಂದು ಕೇಳಿದರೆ ಕೊಡುತ್ತಾರೆ. ಅಡ್ಡಕ್ಕೆ ಕೊಯ್ದ ತುಂಡಿನ ಮಧ್ಯದಲ್ಲಿ ಒಂದು ಬಿಳಿಯ ಗೆರೆ ಹಾದುಹೋಗಿದೆ, ಎಲೆಯ ನಡುನರದ ಹಾಗೆ. ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಪುಟಿಯುತ್ತದೆ. ಮೊಂಡು ಚಾಕುವಿಗೆ ಜಗ್ಗುವುದಿಲ್ಲ. ಹೊಸದಾಗಿ ಅಡುಗೆಗೆ ಇಳಿದವರು ಇದನ್ನು ಕಂಡೊಡನೆ ಕೊಯ್ದು ಎಸೆಯುತ್ತಾರೆ. ನಾನೂ ಎಸೆದಿದ್ದೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಬಿಳಿ ಗೆರೆಯ ವಿಷಯವೇ. ದನದ ಮಾಂಸವನ್ನು ಕೆಂಪು ವೈನಿನಲ್ಲಿ ನಿಧಾನವಾಗಿ ಬೇಯಿಸುವ ‘ಬಫ್ ಬೂರ್ಗಿನ್ಯೋಂ’ ಎಂಬ, ಫ್ರಾನ್ಸಿನ ಬರ್ಗಂಡಿ ಸೀಮೆಯ ಅಡುಗೆಯ ಗುಟ್ಟು ವೈನಿನಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ವೈನ್ ಬೇಕು, ನಿಜ. ಆದರೆ ಎಂಥ ವೈನ್ ಸುರಿದರೂ ಈ ಗೆರೆ ಇಲ್ಲದ ಮಾಂಸದಲ್ಲಿ ಆ ಅಡುಗೆ ಹದಕ್ಕೆ ಬರುವುದಿಲ್ಲ.

ಓದಲೆಂದು ಬರ್ಗಂಡಿಯ ಡಿಜೋನ್ ನಗರಕ್ಕೆ ಬಂದ ಹೊಸದರಲ್ಲಿ ನಾನು ಒಬ್ಬ ವಯಸ್ಸಾದ ಮಹಿಳೆಯ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾನು ಅವರನ್ನು ಮದಾಮ್ ಎಂದೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅಜ್ಜಿ ಎನ್ನುತ್ತಿದ್ದೆ. ನನಗೆ ಜ್ವರ ಬಂದಾಗ ಮೆಟ್ಟಿಲು ಹತ್ತಿ ಬಂದು ಸೂಪು ಕೊಟ್ಟು ಹೋದವರು. ಅವರಿಗೆ ಅವರದೇ ಸೀಮೆಯ ಅಡುಗೆ ಮಾಡಿ ಬಡಿಸಬೇಕೆಂದು ಮೊದಲ ಚಳಿಗಾಲದಲ್ಲೇ ನನಗೆ ಆಸೆಯಾಯಿತು. ತಿಂಗಳ ಖರ್ಚಿನಲ್ಲಿ ಉಳಿಸಿ, ಅಂಗಡಿಯಲ್ಲಿದ್ದ ಅತ್ಯಂತ ದುಬಾರಿ ತುಂಡನ್ನು ತಂದೆ. ಬೆನ್ನೆಲುಬಿನ ಪಕ್ಕದ, ಬೆಣ್ಣೆಯಂಥ ಮೆದು ಮಾಂಸ. ಅಂಚಿನಲ್ಲಿದ್ದ ಚೂರುಪಾರು ಬಿಳಿ ಭಾಗವನ್ನೂ ಬಿಡಿಸಿ ತೆಗೆದೆ. ಊರಿನಿಂದ ತಂದಿದ್ದ ಕುಕ್ಕರಿನಲ್ಲಿ ವೈನಿನ ಜೊತೆ ಹಾಕಿ ಐದಾರು ಸೀಟಿ ಕೂಗಿಸಿದೆ. ಮದಾಮ್ ಎರಡು ತುತ್ತು ತಿಂದು, ಬಹಳ ಮೆಲ್ಲಗೆ, ‘ಮಾಂಸ ಒಣಗಿದೆ, ಮಗು’ ಎಂದರು.

ನನಗೆ ಅರ್ಥವಾಗಲಿಲ್ಲ. ಬೆಂದಿಲ್ಲ ಎಂದಿದ್ದರೆ ಒಪ್ಪುತ್ತಿದ್ದೆ. ಉಪ್ಪು ಸಾಲದು ಎಂದಿದ್ದರೂ ಒಪ್ಪುತ್ತಿದ್ದೆ. ಮುಕ್ಕಾಲು ಗಂಟೆ ರಸದಲ್ಲಿ ಮುಳುಗಿ ಕುಳಿತಿದ್ದ ಮಾಂಸ ಒಣಗುವುದು ಹೇಗೆ? ಒಂದು ತುಂಡು ಬಾಯಿಗಿಟ್ಟು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಸುತ್ತ ರಸ, ಒಳಗೆ ನಾರು. ಅಗಿದಷ್ಟೂ ಹತ್ತಿಯ ಉಂಡೆಯ ಹಾಗೆ ಬಾಯಲ್ಲಿ ತಿರುಗುತ್ತಿತ್ತು.

ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಎರಡು ಚಳಿಗಾಲ ಬೇಕಾದವು. ಉತ್ತರ ಇಷ್ಟು. ಮಾಂಸದ ತೇವ ಹೊರಗಿನ ರಸದಿಂದ ಬರುವುದಲ್ಲ, ಅದು ಮಾಂಸದ ಎಳೆಗಳ ಒಳಗೇ ಇರುವ ನೀರು. ಬಿಸಿ ಏರಿದಂತೆ ಎಳೆಗಳು ಕುಗ್ಗುತ್ತವೆ. 50 ಡಿಗ್ರಿ ಸೆಲ್ಸಿಯಸ್ ದಾಟುವಾಗ ಶುರುವಾಗುವ ಈ ಹಿಂಡಾಟ 60, 65ರ ಹೊತ್ತಿಗೆ ಜೋರಾಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ನೀರು ಹೊರಗೆ ಬರುತ್ತದೆ. ಬಾಲ್ದಿಯ ನೀರಿನೊಳಗೆ ಮುಷ್ಟಿ ಬಿಗಿದು ಬಟ್ಟೆ ಹಿಡಿದರೂ ಮುಷ್ಟಿಯೊಳಗಿನ ಬಟ್ಟೆ ಹಿಂಡಿಯೇ ಇರುತ್ತದೆ. ಮಾಂಸದ್ದೂ ಅದೇ ಕಥೆ. ನಾನು ತೂಗಿ ನೋಡಿದ್ದೇನೆ. 1500 ಗ್ರಾಂ ಹಾಕಿದರೆ ಬೆಂದ ಮೇಲೆ ಕೈಗೆ ಸಿಗುವುದು 1000 ಗ್ರಾಂನ ಆಸುಪಾಸು. ಎಷ್ಟು ಜಾಣತನದಿಂದ ಬೇಯಿಸಿದರೂ ಈ ನಷ್ಟವನ್ನು ಪೂರ್ತಿ ತಪ್ಪಿಸಲಾಗುವುದಿಲ್ಲ.

ಹಾಗಾದರೆ ಮದಾಮ್ ಮಾಡುತ್ತಿದ್ದ ಮಾಂಸ ಬಾಯಲ್ಲಿ ಕರಗುತ್ತಿದ್ದುದು ಹೇಗೆ? ಇಲ್ಲಿ ಬಿಳಿ ಗೆರೆ ಬರುತ್ತದೆ. ಆ ಗೆರೆ ಕೊಲಾಜನ್ ಎಂಬ ವಸ್ತು. ಸ್ನಾಯುವಿನ ಎಳೆಗಳನ್ನು ಕಟ್ಟಿ ಹಿಡಿಯುವುದು, ಮೂಳೆಗೆ ಬಿಗಿಯುವುದು ಅದರ ಕೆಲಸ. ಸೂಕ್ಷ್ಮವಾಗಿ ನೋಡಿದರೆ ಅದು ಮೂರು ಎಳೆ ಹೊಸೆದ ಹುರಿ. ಹೆಚ್ಚು ದುಡಿಯುವ ಅಂಗದಲ್ಲಿ ಈ ಹುರಿ ಹೆಚ್ಚು: ಭಾರ ಹೊರುವ ಹೆಗಲು, ನಡೆಯುವ ಕಾಲು, ಇಡೀ ದಿನ ಮೆಲುಕು ಹಾಕುವ ಕೆನ್ನೆ. ಬೆನ್ನಿನ ಪಕ್ಕದ ಮಾಂಸಕ್ಕೆ ಅಷ್ಟು ದುಡಿಮೆಯಿಲ್ಲ, ಅದಕ್ಕೇ ಅದು ಮೆದು. ಈ ಹುರಿಯನ್ನು ಒದ್ದೆಯಾದ ಬಿಸಿಯಲ್ಲಿ, 80ರಿಂದ 90 ಡಿಗ್ರಿಯ ನಡುವೆ, ಗಂಟೆಗಟ್ಟಲೆ ಇಟ್ಟರೆ ಹೊಸೆದ ಎಳೆಗಳು ಬಿಡಿಸಿಕೊಳ್ಳುತ್ತವೆ. ಬಿಡಿಸಿಕೊಂಡ ಎಳೆಗೆ ಜಿಲಟಿನ್ ಎಂದು ಹೆಸರು. ಅದು ನೀರನ್ನು ಹಿಡಿದಿಟ್ಟುಕೊಂಡು, ಹಿಂಡಿಹೋದ ಮಾಂಸದ ಎಳೆಗಳ ನಡುವೆ ಎಣ್ಣೆಯಂತೆ ಜಾರುತ್ತದೆ. ನಮ್ಮ ನಾಲಿಗೆ ಅದನ್ನೇ ರಸಭರಿತ ಎನ್ನುತ್ತದೆ.

ಇದು ನಮಗೆ ತಿಳಿಯದ ಸಂಗತಿಯೇನಲ್ಲ. ಕಾಲು ಸೂಪು ಕುಡಿದವರು ನೆನಪಿಸಿಕೊಳ್ಳಿ. ಕುಡಿದು ಸ್ವಲ್ಪ ಹೊತ್ತಿಗೆ ತುಟಿಗಳು ಒಂದಕ್ಕೊಂದು ಅಂಟುತ್ತವಲ್ಲ, ಆ ಅಂಟೇ ಜಿಲಟಿನ್. ಮೂಳೆ ಮುರಿದವರಿಗೆ, ಬಾಣಂತಿಯರಿಗೆ ಆ ಸೂಪನ್ನು ರಾತ್ರಿಯಿಡೀ ಕೆಂಡದ ಮೇಲೆ ಇಟ್ಟು ಕಾಯಿಸಿ ಕೊಡುತ್ತಿದ್ದ ಮನೆಗಳಲ್ಲಿ ಬೆಳೆದವರು ಇಲ್ಲಿಯೂ ಇದ್ದೀರಿ. ಬರ್ಗಂಡಿಯ ಅಡುಗೆಮನೆ ಕಂಡುಕೊಂಡದ್ದೂ ಅದೇ ಹದವನ್ನು.

ನಾನು ಮಾಡಿದ ತಪ್ಪು ಈಗ ನಿಮಗೆ ತಿಳಿದಿರಬೇಕು. ನನ್ನ ದುಬಾರಿ ತುಂಡಿನಲ್ಲಿ ನೀರು ಹಿಂಡಿಹೋಯಿತು, ಅದರ ಜಾಗ ತುಂಬಲು ಕೊಲಾಜನ್ ಇರಲಿಲ್ಲ. ಇದ್ದ ಚೂರನ್ನೂ ನಾನೇ ಕೊಯ್ದು ಕಸದ ಬುಟ್ಟಿಗೆ ಹಾಕಿದ್ದೆ.

ಊರಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ಬರ್ಗಂಡಿಯ ದಕ್ಷಿಣಕ್ಕೆ ಶಾರೋಲ್ ಎಂಬ ಊರಿದೆ. ಶಾರೊಲೇ ಎಂಬ ಕೆನೆಬಣ್ಣದ ದನದ ತಳಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಟ್ರ್ಯಾಕ್ಟರ್ ಬರುವ ಮೊದಲು ಆ ತಳಿಯ ಎತ್ತುಗಳು ನೇಗಿಲು, ಗಾಡಿ ಎರಡನ್ನೂ ಎಳೆದಿವೆ. ವಯಸ್ಸಾದ, ದುಡಿದ ದನದ ಮಾಂಸವನ್ನು ತಿನ್ನುವಂತೆ ಮಾಡಲು ಹೊತ್ತು ಹಿಡಿಯುವ ಅಡುಗೆಯೇ ಬೇಕಿತ್ತು. ಆದರೆ ಇದು ಸಾವಿರ ವರ್ಷದ ರೈತರ ಅಡುಗೆ ಎಂದು ಪ್ರವಾಸಿ ಕೈಪಿಡಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಈ ಹೆಸರು ಬರಹದಲ್ಲಿ ಕಾಣಿಸಿಕೊಳ್ಳುವುದು 19ನೇ ಶತಮಾನದಲ್ಲಿ. 1903ರಲ್ಲಿ ಫ್ರೆಂಚ್ ಬಾಣಸಿಗ ಎಸ್ಕೊಫಿಯೇ ತಮ್ಮ ದೊಡ್ಡ ಅಡುಗೆ ಗ್ರಂಥದಲ್ಲಿ ಕೊಟ್ಟದ್ದು ಒಂದೇ ಇಡೀ ತುಂಡನ್ನು ವೈನಿನಲ್ಲಿ ಬೇಯಿಸುವ ಕ್ರಮ. ಈಗ ನಾವು ಕಾಣುವ ಸಣ್ಣ ತುಂಡುಗಳ ರೂಪ ಮನೆಗಳಲ್ಲಿ ಹರಡಿದ್ದು. 1963ರ ಫೆಬ್ರುವರಿಯಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೂಲಿಯಾ ಚೈಲ್ಡ್ ತಮ್ಮ ಟೀವಿ ಅಡುಗೆ ಕಾರ್ಯಕ್ರಮವನ್ನು ಆರಂಭಿಸಿದ್ದು ಇದೇ ಅಡುಗೆಯಿಂದ. ಅಲ್ಲಿಂದ ಮುಂದೆ ಇದು ಜಗತ್ತಿನದ್ದಾಯಿತು.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಆರು ಜನರಿಗೆ ಒಂದೂವರೆ ಕಿಲೋ ಮಾಂಸ. ಅರ್ಧ ಹೆಗಲಿನದು, ಅರ್ಧ ಕಾಲಿನದು ತಂದರೆ ಬಹಳ ಒಳ್ಳೆಯದು. ಕೆನ್ನೆ ಸಿಕ್ಕರೆ ಬಿಡಬೇಡಿ. ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿಟ್ಟರೆ ತೆಗೆದಿಡುತ್ತಾರೆ. ತುಂಡುಗಳು ದೊಡ್ಡದಾಗಿರಲಿ, ಐದು ಸೆಂಟಿಮೀಟರ್ ಅಗಲಕ್ಕೆ ಕಡಿಮೆ ಬೇಡ. ನಮ್ಮ ಸಾರಿನ ಅಳತೆಗೆ ಕತ್ತರಿಸಿದರೆ ಮೂರು ಗಂಟೆಯಲ್ಲಿ ಪುಡಿಯಾಗುತ್ತದೆ.

ಈಗ ಹುರಿಯುವುದು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಹುತೇಕ ಮನೆಗಳಲ್ಲಿ ಅಡುಗೆ ಕೆಡುವುದು ಈ ಹಂತದಲ್ಲಿ. ಮಾಂಸವನ್ನು ಬಟ್ಟೆಯಿಂದಲೋ ಕಾಗದದಿಂದಲೋ ಒತ್ತಿ ಒತ್ತಿ ಒರೆಸಿ. ಒದ್ದೆಯಿದ್ದರೆ ಕೆಂಪಾಗುವುದಿಲ್ಲ. ಕಾರಣ ಸರಳ: ನೀರಿರುವ ತನಕ ಮೇಲ್ಮೈ 100 ಡಿಗ್ರಿಯನ್ನು ದಾಟುವುದಿಲ್ಲ; ಕಂದು ಬಣ್ಣ, ಹುರಿದ ಪರಿಮಳ ಹುಟ್ಟಬೇಕಾದರೆ 140 ಡಿಗ್ರಿಯ ಹತ್ತಿರಕ್ಕಾದರೂ ಹೋಗಬೇಕು. ಈ ಬದಲಾವಣೆಯನ್ನು 1912ರಲ್ಲಿ ವಿವರಿಸಿದ ಲೂಯಿ ಕಮೀಯ್ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರೇ ಅದಕ್ಕೆ ಉಳಿದಿದೆ. ದಪ್ಪ ತಳದ ಪಾತ್ರೆ ಚೆನ್ನಾಗಿ ಕಾದ ಮೇಲೆ ಐದಾರು ತುಂಡುಗಳನ್ನು ಬಿಡಿಬಿಡಿಯಾಗಿ ಇಡಿ. ‘ಚುರ್’ ಎಂಬ ಸದ್ದು ಬರಬೇಕು. ಸದ್ದು ಇಳಿದು ಬುಸುಬುಸು ಎನ್ನತೊಡಗಿದರೆ ನೀರು ಬಿಟ್ಟಿತು, ತುಂಡು ಹೆಚ್ಚಾಯಿತು ಎಂದು ಅರ್ಥ. ಇಟ್ಟ ತುಂಡನ್ನು ಕೆದಕಬೇಡಿ. ಕೆಂಪಾದಾಗ ಅದು ತಾನಾಗಿಯೇ ತಳ ಬಿಡುತ್ತದೆ. ಒಂದೂವರೆ ಕಿಲೋ ಮುಗಿಯಲು ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ. ಹಿಡಿಯಲಿ.

ಹೀಗೆ ಹುರಿದರೆ ರಸ ಒಳಗೆ ಬಂದಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 1840ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಯುಸ್ಟುಸ್ ಲೀಬಿಗ್ ಹಾಗೆ ಬರೆದದ್ದು ಇಂದಿಗೂ ಅಡುಗೆಮನೆಗಳಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ, ಹುರಿದ ಮಾಂಸದಿಂದಲೂ ನೀರು ಹೋಗಿಯೇ ಹೋಗುತ್ತದೆ. ನಾವು ಹುರಿಯುವುದು ರುಚಿಗೆ. ಪಾತ್ರೆಯ ತಳ ನೋಡಿ, ಕಂದು ಪದರ ಹಿಡಿದಿದೆ. ನಮ್ಮಲ್ಲಿ ತಳ ಹಿಡಿಯಿತು ಎಂದರೆ ಅಡುಗೆ ಕೆಟ್ಟಿತು ಎಂದರ್ಥ. ಇಲ್ಲಿ ತಳ ಹಿಡಿದದ್ದೇ ಸಾರ. ಕಪ್ಪಗೆ ಸೀದಿರಬಾರದು, ಅಷ್ಟೇ. ಕಂದು ಬಣ್ಣ ಕಾಫಿ ಪುಡಿಯ ಬಣ್ಣಕ್ಕೆ ತಿರುಗುವ ಮುನ್ನ ಎರಡು ಈರುಳ್ಳಿ, ಎರಡು ಕ್ಯಾರೆಟ್ ಹೆಚ್ಚಿ ಹಾಕಿ. ಅವು ಬಿಡುವ ನೀರಿಗೆ ಪದರ ಸಡಿಲವಾಗುತ್ತದೆ. ಎರಡು ಚಮಚ ಮೈದಾ ಉದುರಿಸಿ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ. ಆಮೇಲೆ ವೈನ್ ಸುರಿದು ಮರದ ಸೌಟಿನಿಂದ ತಳವನ್ನೆಲ್ಲ ಕೆರೆದು ಎಬ್ಬಿಸಿ.

ಸಾಂಪ್ರದಾಯಿಕವಾಗಿ ಇದಕ್ಕೂ ಮೊದಲು ಉಪ್ಪು ಹಾಕಿದ ಹಂದಿಯ ಹೊಟ್ಟೆಯ ಮಾಂಸದ ಸಣ್ಣ ಪಟ್ಟಿಗಳನ್ನು ಹುರಿದು, ಆ ಕೊಬ್ಬಿನಲ್ಲಿ ದನದ ಮಾಂಸ ಹುರಿಯುತ್ತಾರೆ. ಇನ್ನೂರು ಗ್ರಾಂ ಸಾಕು. ಹಂದಿ ತಿನ್ನದವರು ಎಣ್ಣೆ, ಬೆಣ್ಣೆಯಲ್ಲಿ ಮಾಡಬಹುದು, ಅಡುಗೆ ನಿಲ್ಲುವುದಿಲ್ಲ.

ವೈನ್ ಯಾವುದು ಎಂಬುದಕ್ಕೆ ಹಿನ್ನೆಲೆಯಿದೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ‘ಧೀರ’ ಎಂಬ ಬಿರುದಿನವನು, ಗಮೇ ಎಂಬ ದ್ರಾಕ್ಷಿಯ ಬಳ್ಳಿಗಳನ್ನು ತನ್ನ ಸೀಮೆಯಿಂದ ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ. ಗಮೇ ಹೆಚ್ಚು ಫಸಲು ಕೊಡುತ್ತಿತ್ತು. ಅವನಿಗೆ ಬೇಕಿದ್ದದ್ದು ಪಿನೋ ನ್ವಾರ್. ಇಂದಿಗೂ ಡಿಜೋನಿನಿಂದ ಬೋನ್ ಕಡೆಗೆ ಬಸ್ಸಿನಲ್ಲಿ ಹೋದರೆ ಬೆಟ್ಟದ ಇಳಿಜಾರಿನ ಉದ್ದಕ್ಕೂ ಕೆಂಪು ವೈನಿಗಾಗಿ ಬೆಳೆಸಿರುವುದು ಬಹುತೇಕ ಪಿನೋ ನ್ವಾರ್. ತುಂಡು ತುಂಡಾದ ಆ ತೋಟಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಈ ದ್ರಾಕ್ಷಿಯ ಸಿಪ್ಪೆ ತೆಳು. ಹಾಗಾಗಿ ವೈನಿನಲ್ಲಿ ಒಗರು ಕಡಿಮೆ, ಹುಳಿ ಚುರುಕು. ಅಡುಗೆಗೆ ಬೇಕಾದದ್ದು ಅದೇ. ಬಾಳೆಕಾಯಿ ಹೆಚ್ಚಿದಾಗ ಕೈಗೆ, ಎಳೆ ಅಡಿಕೆ ಕಚ್ಚಿದಾಗ ನಾಲಿಗೆಗೆ ಆಗುವ ಒಗರಿನ ಜಾತಿಯದೇ ವೈನಿನ ಒಗರು. ಅದು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಪಾತ್ರೆಯಲ್ಲಿ ಅದಕ್ಕೆ ಅಂಟಿಕೊಳ್ಳಲು ಜಿಲಟಿನ್ ಸಿಗುತ್ತದೆ, ನಾಲಿಗೆ ಪಾರಾಗುತ್ತದೆ. ವೈನ್ ತಯಾರಕರು ಪೀಪಾಯಿಯಲ್ಲಿ ಒಗರು ತಗ್ಗಿಸಲು ಮೊಟ್ಟೆಯ ಬಿಳಿಯನ್ನೋ ಜಿಲಟಿನ್ನನ್ನೋ ಹಾಕುವ ಪದ್ಧತಿ ಇದೆ. ಅವರು ಪೀಪಾಯಿಯಲ್ಲಿ ಮಾಡುವ ಕೆಲಸವನ್ನು ಹೆಗಲಿನ ಬಿಳಿ ಗೆರೆ ನಮ್ಮ ಪಾತ್ರೆಯಲ್ಲಿ ಮಾಡುತ್ತದೆ. ಇದನ್ನು ತಿಳಿದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ಆದ್ದರಿಂದ ದೊಡ್ಡ ಹೆಸರಿನ ಬಾಟಲಿ ಬೇಡ. ಹೆಸರಾಂತ ತೋಟದ ವೈನಿನ ನವಿರು ಪರಿಮಳಗಳು ಮೂರು ಗಂಟೆಯ ಬಿಸಿಗೆ ಉಳಿಯುವುದಿಲ್ಲ. ಲೇಬಲ್ಲಿನ ಮೇಲೆ ಬರೀ ‘ಬೂರ್ಗೋನ್ಯ್’ ಎಂದಿರುವ, ಎಳೆಯ, ಸಾಧಾರಣ ಬೆಲೆಯ ವೈನ್ ಸಾಕು. ಆದರೆ ಕುಡಿಯಲಾಗದಷ್ಟು ಕೆಟ್ಟದ್ದನ್ನು ಹಾಕಬೇಡಿ, ಅದರ ಹುಳಿ, ಕಹಿ ಬತ್ತಿದಷ್ಟೂ ಗಟ್ಟಿಯಾಗುತ್ತವೆ. 750 ಮಿಲಿಲೀಟರಿನ ಇಡೀ ಬಾಟಲಿ ಸುರಿಯಿರಿ, ಮಾಂಸ ಮುಳುಗುವಷ್ಟು ಮೂಳೆಯ ಸಾರು ಸೇರಿಸಿ. ಮೂರ್ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಗಟ್ಟಿ ಟೊಮೆಟೊ ಗೊಜ್ಜು ಹಾಕಿ. ಥೈಮ್ ಕಡ್ಡಿ, ಪಾರ್ಸ್ಲಿ ದಂಟು, ಲಾರೆಲ್ ಎಲೆ ಇವನ್ನು ದಾರದಿಂದ ಕಟ್ಟಿ ಬಿಡಿ.

ಲಾರೆಲ್ ಎಂದರೆ ನಮ್ಮ ಪಲಾವ್ ಎಲೆ ಎಂದು ತಿಳಿದು ಅದನ್ನೇ ಹಾಕುವವರಿದ್ದಾರೆ. ಎರಡನ್ನೂ ತಂದಿದ್ದೇನೆ, ಪಕ್ಕಪಕ್ಕ ಇಟ್ಟು ನೋಡಿ. ಪಲಾವ್ ಎಲೆಗೆ ಬುಡದಿಂದ ತುದಿಯ ಕಡೆಗೆ ಮೂರು ನರಗಳು ಉದ್ದಕ್ಕೆ ಓಡುತ್ತವೆ, ಮೂಸಿದರೆ ದಾಲ್ಚಿನ್ನಿಯ ವಾಸನೆ. ಲಾರೆಲಿಗೆ ನಡುವೆ ಒಂದೇ ನರ, ಅದರಿಂದ ಕವಲುಗಳು. ವಾಸನೆ ನೀಲಗಿರಿ ಎಲೆಯ ಕಡೆಗೆ ಹೋಗುತ್ತದೆ. ಮರಗಳೇ ಬೇರೆ. ಪಲಾವ್ ಎಲೆ ಹಾಕಿದರೆ ಕೆಟ್ಟದಾಗುವುದಿಲ್ಲ, ಆದರೆ ಅಡುಗೆ ಹೈದರಾಬಾದಿನ ಕಡೆಗೆ ಮುಖ ಮಾಡುತ್ತದೆ.

ಈಗ ಮುಖ್ಯ ಮಾತು: ಉರಿ. ಪಾತ್ರೆಯನ್ನು ಒಲೆಯ ಮೇಲೆ ಮೊದಲ ಗುಳ್ಳೆ ಏಳುವವರೆಗೆ ಕಾಯಿಸಿ, ಮುಚ್ಚಿ, 150 ಡಿಗ್ರಿಯ ಓವನ್ನಿಗೆ ಇಡಿ. ಅರ್ಧ ಗಂಟೆಯಾದ ಮೇಲೆ ಮುಚ್ಚಳ ತೆಗೆದು ನೋಡಿ, 130ಕ್ಕೆ ಇಳಿಸಿ. ಓವನ್ನಿನ ಗುಂಡಿಯ ಮೇಲಿರುವ ಅಂಕಿಯನ್ನು ನಂಬಿ ಕೂರಬೇಡಿ, ಪಾತ್ರೆಯ ಮೇಲ್ಮೈಯನ್ನು ನಂಬಿ. ರಸ ಕುದಿಯಬಾರದು. ಕೆರೆಯ ಮೇಲೆ ತಂಗಾಳಿ ಹಾದಾಗ ನೀರು ಮಿಸುಕುತ್ತದಲ್ಲ, ಅಷ್ಟೇ ಮಿಸುಕಬೇಕು. ಎಲ್ಲೋ ಒಂದು ಮೂಲೆಯಲ್ಲಿ ಗುಳ್ಳೆ ಎದ್ದು ಒಡೆಯಬೇಕು, ನೀವು ಎರಡು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು. ಅದಕ್ಕಿಂತ ಹೆಚ್ಚಾದರೆ ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿಡಿ. ಮದಾಮ್ ಓವನ್ ಬಳಸುತ್ತಲೇ ಇರಲಿಲ್ಲ. ಒಲೆಯ ಅತಿ ಸಣ್ಣ ಉರಿಯ ಮೇಲೆ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುತ್ತಿದ್ದರು. ಮುಚ್ಚಳದ ಸದ್ದಿನಿಂದಲೇ ಅವರಿಗೆ ಉರಿ ಏರಿದ್ದು ತಿಳಿಯುತ್ತಿತ್ತು. ತಲೆ ಎತ್ತದೆ ಕೈ ಚಾಚಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ನಾನು ಆ ಕೈಯನ್ನು ನೋಡಿಯೇ ಕಲಿತದ್ದು.

ಜೋರಾಗಿ ಕುದಿಸಿದರೆ ಕೊಲಾಜನ್ ಬೇಗ ಕರಗುವುದಿಲ್ಲವೇ ಎಂದು ನೀವು ಕೇಳಬಹುದು. ಕರಗುತ್ತದೆ. ಆದರೆ ಮಾಂಸದ ಎಳೆಗಳು ಇನ್ನೂ ಬಿಗಿಯಾಗಿ ಹಿಂಡಿಕೊಂಡು ಅಂಚು ಹರಿದು ಚಿಂದಿಯಾಗುತ್ತವೆ, ಕೊಬ್ಬು ರಸದಲ್ಲಿ ಒಡೆದು ಕಲಕಿ ಮಂಕಾಗುತ್ತದೆ. ಕುಕ್ಕರ್ ಇನ್ನೂ ಒರಟು: ಒಳಗೆ 120 ಡಿಗ್ರಿಯ ಆಸುಪಾಸು. ಇದನ್ನು ಹೇಳುವಾಗ ಒಂದು ಇತಿಹಾಸ ನೆನಪಾಗುತ್ತದೆ. ಕುಕ್ಕರಿನ ಮೂಲಪುರುಷ ಡೆನಿ ಪಪ್ಯಾಂ ಎಂಬ ಫ್ರೆಂಚಿನವನೇ. ಬ್ಲುವಾ ಬಳಿ ಹುಟ್ಟಿ, ಲಂಡನ್ನಿನಲ್ಲಿದ್ದಾಗ 1679ರಲ್ಲಿ ಮೂಳೆಯನ್ನೂ ಮೆತ್ತಗಾಗಿಸುವ ಹಬೆಯ ಪಾತ್ರೆಯನ್ನು ತಯಾರಿಸಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ತೋರಿಸಿದ. ಬೇಳೆಗೆ, ಕಾಳಿಗೆ, ಕಾಲು ಸೂಪಿಗೆ ನಾನು ಇವತ್ತಿಗೂ ಕುಕ್ಕರನ್ನೇ ಇಡುತ್ತೇನೆ. ಈ ಅಡುಗೆಗೆ ಇಡುವುದಿಲ್ಲ. ಕುಕ್ಕರಿನಲ್ಲಿ ರಸ ಬತ್ತುವುದಿಲ್ಲ, ಒಳಗೇನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಮತ್ತು ಹದದಿಂದ ಅತಿಗೆ ಹೋಗಲು ಹತ್ತು ನಿಮಿಷ ಸಾಕು.

ಮೂರು, ಮೂರೂವರೆ ಗಂಟೆಯ ಕೊನೆಯಲ್ಲಿ ಅಣಬೆ, ಸಣ್ಣ ಈರುಳ್ಳಿ. ಇವನ್ನು ಬೇರೆಯಾಗಿಯೇ ಮಾಡಿ. ಇಪ್ಪತ್ತು ಸಣ್ಣ ಈರುಳ್ಳಿಯನ್ನು ಬೆಣ್ಣೆ, ಚಿಟಿಕೆ ಸಕ್ಕರೆ, ಸ್ವಲ್ಪ ನೀರಿನಲ್ಲಿ ನೀರು ಬತ್ತಿ ಹೊಳಪು ಬರುವವರೆಗೆ ಬೇಯಿಸಿ. ನಮ್ಮ ಸಾಂಬಾರ್ ಈರುಳ್ಳಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಣಬೆಯನ್ನು ಜೋರು ಉರಿಯಲ್ಲಿ ಹುರಿಯಿರಿ. ಬಡಿಸುವ ಮುಂಚೆ ಸೇರಿಸಿದರಾಯಿತು.

ಮತ್ತು ಅದೇ ದಿನ ತಿನ್ನಬೇಡಿ. ಉರಿ ಆರಿಸಿ, ರಸದಲ್ಲೇ ಮಾಂಸ ತಣಿಯಲಿ. ತಣಿಯುವಾಗ ಮಾಂಸ ಒಂದಿಷ್ಟು ರಸವನ್ನು ಮರಳಿ ಹೀರಿಕೊಳ್ಳುತ್ತದೆ. ಆದರೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್ಜಿಗೆ ಸೇರಿಸಿ. ದೊಡ್ಡ ಪಾತ್ರೆ ಬೇಗ ತಣಿಯದು, ಅಗಲ ತಟ್ಟೆಗಳಿಗೆ ಹಂಚಿ. ಬೆಳಿಗ್ಗೆ ತೆರೆದರೆ ಕೊಬ್ಬು ಮೇಲೆ ಬಿಳಿ ಹಾಳೆಯಂತೆ ಹೆಪ್ಪುಗಟ್ಟಿರುತ್ತದೆ, ಚಮಚದಿಂದ ಎತ್ತಿ ತೆಗೆಯಬಹುದು. ಅದರ ಕೆಳಗೆ ರಸ ಹಲ್ವದ ಹಾಗೆ ಗಟ್ಟಿಯಾಗಿ ನಡುಗುತ್ತಿರುತ್ತದೆ. ಆ ನಡುಕ ಕಂಡರೆ ನೀವು ಸರಿಯಾದ ಮಾಂಸ ತಂದಿದ್ದೀರಿ, ಸರಿಯಾದ ಉರಿಯಲ್ಲಿಟ್ಟಿದ್ದೀರಿ.

ಇಲ್ಲಿ ಕೆಲವರು ಪ್ರಶ್ನೆ ಕೇಳಿದರು.

ಮದ್ಯ ಮುಟ್ಟದವರು ಇದನ್ನು ತಿನ್ನಬಹುದೇ, ಕಾಯಿಸಿದರೆ ಮದ್ಯಸಾರವೆಲ್ಲ ಆವಿಯಾಗುತ್ತದಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ಎಲ್ಲವೂ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಹದಿನೈದು ನಿಮಿಷ ಬೇಯಿಸಿದರೆ ಸುಮಾರು ಶೇ 40ರಷ್ಟು ಉಳಿಯುತ್ತದೆ, ಒಂದು ಗಂಟೆಗೆ ಶೇ 25, ಎರಡೂವರೆ ಗಂಟೆಗೆ ಶೇ 5. ಶೇ 13ರ ವೈನಿನ ಒಂದು ಬಾಟಲಿಯಲ್ಲಿ 97 ಮಿಲಿಲೀಟರಿನಷ್ಟು ಮದ್ಯಸಾರ ಇರುತ್ತದೆ. ಉಳಿಯುವುದು ಐದು ಮಿಲಿಲೀಟರ್, ಒಬ್ಬೊಬ್ಬರ ಪಾಲಿಗೆ ಒಂದಕ್ಕೂ ಕಡಿಮೆ. ಮುಚ್ಚಳ ಬಿಗಿಯಿದ್ದರೆ ಸ್ವಲ್ಪ ಹೆಚ್ಚಿರಬಹುದು. ಇಷ್ಟಾದರೂ ಧರ್ಮದ ಕಾರಣಕ್ಕೋ ಔಷಧದ ಕಾರಣಕ್ಕೋ ಬಿಟ್ಟವರಿಗೆ ಹೇಳದೆ ಬಡಿಸುವುದು ತಪ್ಪು. ಮೊದಲೇ ತಿಳಿಸಿ, ಆಯ್ಕೆ ಅವರಿಗೆ ಬಿಡಿ.

ಹಿಂದಿನ ರಾತ್ರಿಯೇ ವೈನಿನಲ್ಲಿ ನೆನೆಸಬೇಕೇ ಎಂದು ಮತ್ತೊಬ್ಬರು ಕೇಳಿದರು. ಬರ್ಗಂಡಿಯಲ್ಲಿ ನೆನೆಸುವ ಮನೆಗಳೂ ಇವೆ, ನೆನೆಸದ ಮನೆಗಳೂ ಇವೆ. ವೈನ್ ಒಂದು ರಾತ್ರಿಯಲ್ಲಿ ಒಳಗಿಳಿಯುವುದು ಕೆಲವೇ ಮಿಲಿಮೀಟರ್. ನೆನೆಸಿದ ಮಾಂಸವನ್ನು ಒಣಗಿಸಿ ಹುರಿಯುವುದು ಕಷ್ಟ. ನಾನು ನೆನೆಸುವುದನ್ನು ಬಿಟ್ಟಿದ್ದೇನೆ.

ಬೆಂಗಳೂರಿಗೆ ಮರಳಿ ಹೋಗಲಿರುವ ಒಂದು ದಂಪತಿ ಅಲ್ಲಿ ಇದನ್ನು ಮಾಡುವುದು ಹೇಗೆ ಎಂದು ಕೇಳಿದರು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯಂತೆ ಕರ್ನಾಟಕದಲ್ಲಿ ಹಸು, ಎತ್ತು, ಹೋರಿ, ಕರುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಇದೆ. ಆ ಮಾಂಸ ವಯಸ್ಸಾದದ್ದು, ಗಟ್ಟಿ, ಕೊಬ್ಬು ಕಡಿಮೆ. ಈ ಕ್ರಮಕ್ಕೆ ಅದು ಒಗ್ಗುತ್ತದೆ, ಆದರೆ ಸಮಯ ನಾಲ್ಕೂವರೆ, ಐದು ಗಂಟೆ ಎಂದಿಟ್ಟುಕೊಳ್ಳಿ, ಬೆಣ್ಣೆ ಸ್ವಲ್ಪ ಹೆಚ್ಚು ಹಾಕಿ. ದನ, ಎಮ್ಮೆ ಎರಡೂ ಮನೆಗೆ ಬಾರದವರು ಕುರಿಯ ಕಾಲಿನ ಮಾಂಸವನ್ನು ಮೂಳೆ ಸಮೇತ ಇದೇ ರೀತಿ ಮಾಡಬಹುದು. ಹೆಸರು ಬೇರೆಯಾಗುತ್ತದೆ, ಹದ ಅದೇ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಮಾತ್ರ ಬೇಡ, ಬತ್ತಿದಾಗ ಪಾಕವಾಗುತ್ತದೆ. ನಂದಿಬೆಟ್ಟದ ತಪ್ಪಲಿನ ಶಿರಾಜ್ ದ್ರಾಕ್ಷಿಯ ವೈನ್ ಆಗುತ್ತದೆ. ಅದಕ್ಕೆ ಒಗರು ಹೆಚ್ಚು, ಹಾಗಾಗಿ ಮುಕ್ಕಾಲು ಬಾಟಲಿ ಹಾಕಿ, ಮಿಕ್ಕದ್ದು ಸಾರು.

ಕೊನೆಯಲ್ಲಿ ಒಬ್ಬ ಹುಡುಗ, ಹತ್ತು ಹನ್ನೆರಡು ವರ್ಷದವನು, ಬೆಂದಿದೆ ಎಂದು ಹೇಗೆ ಗೊತ್ತಾಗುತ್ತದೆ ಆಂಟಿ ಎಂದು ಕೇಳಿದ. ಅವನನ್ನೇ ಮುಂದೆ ಕರೆದೆ. ನಿನ್ನೆ ಮಾಡಿ ತಂದಿದ್ದ ಪಾತ್ರೆ ನನ್ನ ಮಾತಿನುದ್ದಕ್ಕೂ ಸಣ್ಣ ಉರಿಯ ಮೇಲೆ ಬಿಸಿಯಾಗುತ್ತಿತ್ತು. ಅದರಿಂದ ಒಂದು ಹೆಗಲಿನ ತುಂಡನ್ನು ತಟ್ಟೆಗೆ ತೆಗೆದು, ಮೊದಲು ತೋರಿಸಿದ ಹಸಿ ತುಂಡಿನ ಪಕ್ಕ ಇಟ್ಟೆ. ಬಿಳಿ ಗೆರೆ ಎಲ್ಲಿದೆ ಹುಡುಕು ಎಂದೆ. ಅವನು ಬಗ್ಗಿ ನೋಡಿದ. ಗೆರೆ ಇತ್ತು, ಆದರೆ ಬಿಳಿಯಾಗಿರಲಿಲ್ಲ. ಗಾಜಿನ ಹಾಗೆ ಪಾರದರ್ಶಕವಾಗಿ, ವೈನಿನ ಬಣ್ಣ ಹೀರಿ ಹೊಳೆಯುತ್ತಿತ್ತು. ಫೋರ್ಕ್ ಬೇಡ, ಚಮಚದ ಅಂಚಿನಿಂದ ಮುಟ್ಟು ಎಂದೆ. ಮುಟ್ಟಿದ. ತುಂಡು ಗೆರೆಯ ಉದ್ದಕ್ಕೂ ತಾನಾಗಿ ಎರಡಾಯಿತು.

ತಟ್ಟೆಗಳು ಕಿಟಕಿಯ ಪಕ್ಕದ ಮೇಜಿನ ಮೇಲಿವೆ. ಬೇಯಿಸಿದ ಆಲೂಗಡ್ಡೆ ಇದೆ, ಅನ್ನವೂ ಇದೆ. ಬ್ರೆಡ್ಡನ್ನು ಕೈಯಲ್ಲೇ ಮುರಿದುಕೊಳ್ಳಿ, ಇಲ್ಲಿಯವರು ತಟ್ಟೆಯ ರಸವನ್ನು ಅದರಿಂದಲೇ ಒರೆಸಿ ತಿನ್ನುತ್ತಾರೆ. ಬಿಸಿ ಇರುವಾಗಲೇ ಬನ್ನಿ.